ಮುಷ್ಟಿಯ ಅಳತೆ

ಇಲಿ ಇರಬೇಕು ಎಂದುಕೊಂಡಳು ಕಾಂತಿ. ನಡುರಾತ್ರಿ ಕಳೆದಿತ್ತು. ಕರ್, ಕರ್ ಎಂದು ಸಣ್ಣಗೆ, ನಿಂತು ನಿಂತು ಬರುವ ಸದ್ದು. ಅಕ್ಕಿಮುಡಿಯ ಬೈಹುಲ್ಲನ್ನು ಇಲಿ ಕಡಿಯುವಾಗ ಹಾಗೆಯೇ ಕೇಳುತ್ತದೆ. ಆದರೆ ಇಲಿ ನಡುನಡುವೆ ಉಸ್ಸೆಂದು ಊದುವುದಿಲ್ಲವಲ್ಲ. ಅವಳು ಎದ್ದು ಬಾಗಿಲ ಸಂದಿಯಿಂದ ಜಗಲಿಯತ್ತ ನೋಡಿದಳು.

ಮಾವ ಧರ್ಣಪ್ಪನವರು ಕಂಬಕ್ಕೆ ಒರಗಿ ಕುಳಿತಿದ್ದರು. ಅಂಗಳದಲ್ಲಿ ಬೆಳದಿಂಗಳಿಗೆ ಮಂಜು ಸೇರಿ, ಹಾಲಿಗೆ ನೀರು ಬೆರೆಸಿದ ಬಣ್ಣ ಬಂದಿತ್ತು. ದೀಪ ಹಚ್ಚಿರಲಿಲ್ಲ. ಹಚ್ಚಿದರೆ ಹುಳಗಳು ಬಂದು ಬಿದ್ದು ಸಾಯುತ್ತವೆ. ಬಸದಿಗೆ ನಡೆದುಕೊಳ್ಳುವ ಆ ಮನೆಯಲ್ಲಿ ಬೇಡದ ದೀಪ ಉರಿಸುವ ಕ್ರಮವಿರಲಿಲ್ಲ. ಅವರ ಒಂದು ಕೈಯಲ್ಲಿ ಮರದ ತುಂಡು, ಇನ್ನೊಂದರಲ್ಲಿ ಒಡೆದ ಸೀಸೆಯ ಚೂರು. ಕೆರೆಯುವುದು, ಊದುವುದು, ಕಣ್ಣು ಮುಚ್ಚಿ ಮುಷ್ಟಿಯೊಳಗೆ ತಿರುಗಿಸಿ ನೋಡುವುದು. ಆ ಮುಖ ನಿದ್ದೆಯಲ್ಲಿ ಏನೋ ರುಚಿ ನೋಡುತ್ತಿರುವ ಮಗುವಿನ ಮುಖದ ಹಾಗಿತ್ತು. ಕಾಂತಿ ಮೆಲ್ಲಗೆ ಹೋಗಿ ಮಲಗಿದಳು. ಸದ್ದು ಕೇಳುತ್ತಲೇ ನಿದ್ದೆ ಹತ್ತಿತು. ಕನಸಿನಲ್ಲಿ ಗಂಡ ಗುಟ್ಟಾಗಿ ಹೇಳಿದ್ದ ಮನೆಯ ಒಂದು ಕಿಟಕಿ, ಕಿಟಕಿಯ ಆಚೆ ಒಂದು ಹೊಳೆ, ಹೊಳೆಯ ಮೇಲೆ ಇದೇ ಮಂಜು.

ಬೆಳಿಗ್ಗೆ ಅತ್ತೆ ಅಮ್ಮಣ್ಣಿ ಜಗಲಿ ಗುಡಿಸುತ್ತಿದ್ದರು. ಪೊರಕೆಯನ್ನು ಎಡಗೈಯಲ್ಲಿ ಹಿಡಿದಿದ್ದರು.

"ನೋಡು, ನಿನ್ನ ಮಾವನ ರಾತ್ರಿಯ ಬೆಳೆ. ಹೊಟ್ಟು ಮಾತ್ರ ನನ್ನ ಪಾಲಿಗೆ."

"ಎಂತ ಮಾಡ್ತಾ ಇದ್ದಾರೆ ಅತ್ತೆ?"

"ಕತ್ತಿಗೆ ಹಿಡಿ. ಮದುವೆಯಾದಾಗ ನನಗೆ ಒಂದು ಸೌಟಿಗೆ ಹಿಡಿ ಹಾಕಿ ಕೊಡಿ ಅಂದಿದ್ದೆ. ಆ ಸೌಟು ಮಣ್ಣಾಗಿ ಹೋಯಿತು."

ಪೇರಳೆ ಮರದ ತೆಳು ಸಿಪ್ಪೆಗಳು ಸುರುಳಿ ಸುರುಳಿಯಾಗಿ ಬಿದ್ದಿದ್ದವು. ಕಾಂತಿ ಒಂದನ್ನು ಎತ್ತಿ ಮೂಸಿದಳು. ಹಣ್ಣಿನ ವಾಸನೆ ಇರಲಿಲ್ಲ, ಮಳೆಯಲ್ಲಿ ನೆನೆದ ಬಟ್ಟೆಯ ವಾಸನೆ ಇತ್ತು.

ಶಿರ್ತಾಡಿಯಲ್ಲಿ ರಸ್ತೆಯಿಂದ ಸ್ವಲ್ಪ ಒಳಗೆ, ಗೇರುಗುಡ್ಡೆಯ ಬುಡದಲ್ಲಿತ್ತು ಆ ಮನೆ. ಅಂಗಡಿಗಳಲ್ಲಿ ಸೇರು ಹೋಗಿ ಕಿಲೋ ಬಂದ ಕಾಲ. ಮಗ ಲೋಕನಾಥ ಬೆಳ್ತಂಗಡಿಯಲ್ಲಿ ಸೊಸೈಟಿಯ ಗುಮಾಸ್ತ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವವನು. ಉಳಿದ ದಿನ ಮನೆಯಲ್ಲಿ ಮೂವರು ಮನುಷ್ಯರು, ಹಟ್ಟಿಯಲ್ಲಿ ಎರಡು ದನ, ಒಂದು ಬಿಳಿ ಕರು. ಹಟ್ಟಿಗೆ ದಿನವೂ ಸೊಪ್ಪು ಹಾಸಬೇಕು. ಅದೇ ಗದ್ದೆಗೆ ಗೊಬ್ಬರ. ಧರ್ಣಪ್ಪನವರ ಮೊಣಕಾಲು ಹಿಡಿದು ಗುಡ್ಡ ಹತ್ತುವುದು ನಿಂತು ಕೆಲವು ವರ್ಷಗಳಾಗಿದ್ದವು. ಆಮೇಲೆ ಗುಡ್ಡ ಅಮ್ಮಣ್ಣಿಯದಾಯಿತು. ಹಿಂದಿನ ಮಳೆಗಾಲದಲ್ಲಿ ಅವರ ಬಲಗೈಯ ಬೆರಳುಗಳು ಗಂಟುಗಟ್ಟಿ ಪೂರ್ತಿ ಮಡಚದಂತಾದವು. ಹಳೆ ಕತ್ತಿಯ ಸಪೂರ ಹಿಡಿ ಆ ಅರೆಮುಚ್ಚಿದ ಮುಷ್ಟಿಯಲ್ಲಿ ನಿಲ್ಲುತ್ತಿರಲಿಲ್ಲ.

"ನಾನು ಕತ್ತಿ ಬಿಟ್ಟದ್ದಲ್ಲ, ಕತ್ತಿಯೇ ನನ್ನನ್ನು ಬಿಟ್ಟದ್ದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಗುಡ್ಡ ಕಾಂತಿಯ ಪಾಲಿಗೆ ಬಂತು. ಹಳೆ ಕತ್ತಿಯ ಹಿಡಿ ಉರುಟಾಗಿತ್ತು. ಕೊಂಬೆಗೆ ಹೊಡೆದಾಗ ಕೈಯೊಳಗೇ ತಿರುಗಿ ಅಂಗೈಯ ಚರ್ಮ ಎತ್ತುತ್ತಿತ್ತು. ಒಂದು ದಿನ ಮಜ್ಜಿಗೆ ಬಡಿಸುವಾಗ ಧರ್ಣಪ್ಪನವರ ಕಣ್ಣಿಗೆ ಆ ಬೊಬ್ಬೆಗಳು ಬಿದ್ದವು. ಮಾವ ಸೊಸೆಯ ಹತ್ತಿರ ನೇರ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಹೇಳುವುದಿದ್ದರೆ ಅವರು ಜಗಲಿಯ ತುದಿಯಲ್ಲಿ ಕಟ್ಟಿದ ಕರುವಿಗೆ ಹೇಳುತ್ತಿದ್ದರು.

"ಬೊಳ್ಳೀ, ಆ ಕತ್ತಿಯ ಹಿಡಿ ನನ್ನ ಅಪ್ಪನ ಕೈಗೆ ಮಾಡಿದ್ದು. ಅವರ ಹಿಡಿತ ಇಕ್ಕಳದ ಹಾಗೆ, ಸಪೂರ ಹಿಡಿಯೂ ತಿರುಗುತ್ತಿರಲಿಲ್ಲ. ಅದರಲ್ಲಿ ಹೆಣ್ಣುಮಕ್ಕಳು ಕಡಿದರೆ ಬೊಬ್ಬೆ ಬಾರದೆ ಮಲ್ಲಿಗೆ ಬರ್ತದಾ?"

ಆಮೇಲೆ ಗುಜರಿ ಹಾಜಬ್ಬ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಒಂದು ಕಬ್ಬಿಣದ ಪಟ್ಟಿ ತಂದ. ಬಂಟ್ವಾಳದ ಹತ್ತಿರ ಬಸ್ಸೊಂದರ ಅಡಿಯ ಪ್ಲೇಟು ತುಂಡಾಗಿತ್ತಂತೆ.

"ದೇಶ ಸುತ್ತಿದ ಕಬ್ಬಿಣ ಧಣಿ. ಇದರಲ್ಲಿ ಕತ್ತಿ ಮಾಡಿದರೆ ಕೊಂಬೆ ತಾನಾಗಿ ಬೀಳ್ತದೆ, ಟಿಕೇಟು ಕೂಡ ಕೇಳುವುದಿಲ್ಲ."

ಹಿತ್ತಿಲಲ್ಲಿ ಗುಂಡಿ ತೋಡಿ, ಗೇರುಕಟ್ಟಿಗೆಯ ಇದ್ದಿಲು ಉರಿಸಿ, ಧರ್ಣಪ್ಪನವರೇ ಅದನ್ನು ಕಾಯಿಸಿ ಬಡಿದರು. ತುದಿ ಬಗ್ಗಿಸಿದರು, ಸಾಣೆಕಲ್ಲಿನಲ್ಲಿ ಮಸೆದರು. ಅಲಗು ಬೇಗ ಆಯಿತು. ಹಿಡಿ ಮಾತ್ರ ಮುಗಿಯಲೇ ಇಲ್ಲ. ಉರುಟು ಹಿಡಿ ತಿರುಗುತ್ತದೆ, ಮಾವಿನ ಗೊರಟಿನ ಹಾಗೆ ಸ್ವಲ್ಪ ಚಪ್ಪಟೆ ಬೇಕು. ಕೈ ಬೆವತರೂ ಜಾರದ ಹಾಗೆ ಹಿಂದುಗಡೆ ಒಂದು ಉಬ್ಬು ಬೇಕು. ಕಿರುಬೆರಳಿಗೆ ಒಂದು ತಗ್ಗು ಬೇಕು. ಇದೆಲ್ಲ ಕರುವಿಗೆ ತಿಳಿದಿತ್ತು.

ಒಂದು ಸಂಜೆ ಅವರು ಹಿತ್ತಿಲ ಬಾವಿಕಟ್ಟೆಯಲ್ಲಿ ಕುಳಿತು ಮರ ಕೆರೆಯುತ್ತ ಹೊತ್ತು ನೋಡಲಿಲ್ಲ. ಕಾಂತಿ ಎಲೆ ಹಾಕಿ, ಅನ್ನ ಬಸಿದು, ತೊವ್ವೆ ಇಳಿಸಿ ಕಾದಳು. ಅಮ್ಮಣ್ಣಿ ಬಾಗಿಲಿಗೂ ಬಾವಿಗೂ ಓಡಾಡಿದರು.

"ಓ, ಕೇಳ್ತದಾ? ಹೊತ್ತು ಇಳಿಯಿತು!"

"ಬಂದೆ."

"ನಿಮ್ಮ ಬಂದೆಗೆ ಬಾಲ ಉಂಟು."

ಅವರು ಕೈ ತೊಳೆದು ಒಳಗೆ ಬರುವಾಗ ಗುಡ್ಡದ ಮೇಲಿನ ಕೆಂಪು ಆರಿತ್ತು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಧರ್ಣಪ್ಪನವರು ಎಲೆಯ ಮುಂದೆ ಒಂದು ಗಳಿಗೆ ನಿಂತು ತಿರುಗಿದರು.

"ನೀನಾದರೂ ಉಣ್ಣಬೇಕಿತ್ತು" ಎಂದರು ಹೆಂಡತಿಗೆ.

"ನೀವು ಉಣ್ಣದೆ ನಾನು ಉಂಡ ದಿನ ಯಾವುದು, ಹೇಳಿ ನೋಡುವ?"

"ನಾನು ಎಂತ ನಿನಗೆ ಉಪವಾಸ ಕೂರು ಅಂತ ಹೇಳಿದೆನಾ?"

"ಹೇಳಬೇಕಾ? ಕತ್ತಿಯ ಹಿಡಿಗೆ ಹೊಟ್ಟೆ ತುಂಬಿತು, ಸಾಕು ಬಿಡಿ."

ಅನ್ನವೆಲ್ಲ ಹಟ್ಟಿಯ ಬಾನಿಗೆ ಹೋಯಿತು, ದನಗಳು ಸುಖವಾಗಿ ತಿಂದವು. ಕಾಂತಿ ಮಾತ್ರ ಹೊತ್ತಿಗೆ ಸರಿಯಾಗಿ ಉಂಡಿದ್ದಳು, ಅತ್ತೆಯೇ ಕೂರಿಸಿ ಬಡಿಸಿದ್ದರು. ಹೊಟ್ಟೆ ತುಂಬಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಶನಿವಾರ ಲೋಕನಾಥ ಬಂದ. ಬಿಸಿಲು ಇನ್ನೂ ತೆಂಗಿನ ತುದಿಯಲ್ಲಿರುವಾಗ ಉಳಿದವರು ಉಣ್ಣಲು ಕುಳಿತರು, ಕಾಂತಿ ಬಡಿಸುತ್ತಿದ್ದಳು. ಅವನು ಅನ್ನ ಕಲಸುತ್ತ, ಎಲೆಗೆ ಹೇಳುವವನ ಹಾಗೆ ಹೇಳಿದ:

"ಬೆಳ್ತಂಗಡಿಯಲ್ಲಿ ಒಂದು ಮನೆ ನೋಡಿದ್ದೇನೆ."

"ಯಾರಿಗೆ?" ಎಂದರು ಅಮ್ಮಣ್ಣಿ.

"ನನಗೇ. ಹೋಟೆಲಿನ ಊಟ ಆಗುವುದಿಲ್ಲ ಅಮ್ಮ. ಎಲ್ಲದಕ್ಕೂ ನೀರುಳ್ಳಿ. ಹೊತ್ತು ಮುಳುಗುವ ಮೊದಲು ಉಣ್ಣುವ ಅಂದರೆ ಅಲ್ಲಿ ಒಲೆಯೇ ಹೊತ್ತಿರುವುದಿಲ್ಲ."

"ಅದಕ್ಕೆ?"

"ಅದಕ್ಕೆ, ಕಾಂತಿ ಬಂದರೆ..."

"ಓಹೋ. ನೀರುಳ್ಳಿಗೆ ಮದ್ದು ಕಾಂತಿ."

"ತಮಾಷೆ ಅಲ್ಲ ಅಮ್ಮ. ಹೊಳೆಯ ಹತ್ತಿರ ಮನೆ. ಸಂಕ್ರಾಂತಿಯ ತನಕ ಬೇರೆಯವರಿಗೆ ಕೊಡುವುದಿಲ್ಲ ಅಂತ ಹೇಳಿದ್ದಾರೆ. ಆಮೇಲೆ ಕಾಯುವುದಿಲ್ಲ."

"ಕರಕೊಂಡು ಹೋಗು. ಹಟ್ಟಿಗೆ ಸೊಪ್ಪು ಮಾತ್ರ ನಿನ್ನ ಸೊಸೈಟಿಯಿಂದ ಕಿಲೋ ಲೆಕ್ಕದಲ್ಲಿ ಕಳಿಸು."

"ಆಳು ಮಾಡುವ."

"ಯಾವ ಆಳು ಮಾರಾಯ? ಊರಿನ ಹೆಂಗಸರೆಲ್ಲ ಬೀಡಿ ಕಟ್ಟುತ್ತ ನೆರಳಲ್ಲಿ ಕೂತಿದ್ದಾರೆ. ಬಿಸಿಲಿಗೆ ಗುಡ್ಡ ಹತ್ತಲಿಕ್ಕೆ ಅವರಿಗೆ ಹುಚ್ಚಾ? ನನ್ನ ಕೈ ಸರಿ ಇದ್ದಿದ್ದರೆ ಇವತ್ತೇ ಕಳಿಸ್ತಿದ್ದೆ." ಅವರು ಬಲಗೈಯನ್ನು ಮಗನ ಮುಂದೆ ಹಿಡಿದು ಮಡಚಲು ನೋಡಿದರು. ಬೆರಳುಗಳು ಅರ್ಧಕ್ಕೆ ನಿಂತವು. "ನೋಡು. ಕಾಗೆ ಓಡಿಸಲಿಕ್ಕೆ ಆದೀತು."

ಆಗ ಧರ್ಣಪ್ಪನವರು ಹೊರಗೆ ಕರುವಿನತ್ತ ತಿರುಗಿ, ಸಮಾಧಾನ ಹೇಳುವವರ ಹಾಗೆ ಮೆಲ್ಲಗೆ ಅಂದರು:

"ಕತ್ತಿ ಆಗ್ತಾ ಉಂಟು ಬೊಳ್ಳಿ. ಕೈಗೆ ಸರಿಯಾದ ಕತ್ತಿ ಬಂದರೆ ಗುಡ್ಡ ಕಷ್ಟ ಅಲ್ಲ. ಆಮೇಲೆ ಯಾರಿಗೂ ಈ ಮನೆ ಬಿಟ್ಟು ಹೋಗುವ ಅಂತ ಕಾಣುವುದಿಲ್ಲ."

ಸಾರಿನ ಪಾತ್ರೆ ಹಿಡಿದ ಕಾಂತಿ ಅಲ್ಲೇ ನಿಂತಳು. ಹಿಡಿ ತನ್ನ ಕೈಗೆ ಎಂದು ಅವಳಿಗೆ ಅಂದಾಜಿತ್ತು. ಆ ಹಿಡಿಯಿಂದಲೇ ತನ್ನನ್ನು ಇಲ್ಲಿ ನಿಲ್ಲಿಸುವ ಆಸೆ ಇದೆ ಎಂಬುದು ಈಗ ತಿಳಿಯಿತು. ಗದರಿದ್ದರೆ ಎದುರು ಮಾತಾಡಬಹುದಿತ್ತು. ರಾತ್ರಿಯೆಲ್ಲ ಕಣ್ಣು ಮುಚ್ಚಿ ತನ್ನ ಬೊಬ್ಬೆಗಳಿಗಾಗಿ ಮರ ಕೆರೆಯುವವರಿಗೆ ಏನು ಹೇಳುವುದು?

ಕೋಣೆಯಲ್ಲಿ ಲೋಕನಾಥ ಪಿಸುಗುಟ್ಟಿದ: "ನೀನೇ ಅಮ್ಮನ ಹತ್ತಿರ ಒಂದು ಮಾತು ಹೇಳು."

"ನಾನು ಹೇಳಿದರೆ ಸೊಸೆ ಮಗನನ್ನು ಕಿತ್ತುಕೊಂಡಳು ಅಂತ ಆಗ್ತದೆ. ನೀವು ಹೇಳಿದರೆ ಮಗ ಹೋದ ಅಂತ ಮಾತ್ರ."

"ನಾನು ಹೇಳಿದೆನಲ್ಲ, ಊಟಕ್ಕೆ ಕೂತಾಗ."

"ನೀವು ನೀರುಳ್ಳಿಯ ವಿಷಯ ಹೇಳಿದ್ದು."

ಅವನು ನಕ್ಕ, ಅವಳೂ ನಕ್ಕಳು. ಆಮೇಲೆ ಅವಳು ಕೇಳಿದಳು, "ಕಿಟಕಿಯಿಂದ ಹೊಳೆ ಕಾಣ್ತದಾ?"

"ಕಾಣ್ತದೆ. ಬೆಳಿಗ್ಗೆ ಮಂಜಿಗೆ ಕಾಣುವುದಿಲ್ಲ, ಕೇಳ್ತದೆ."

ಮದುವೆಯಾಗಿ ಎರಡು ವರ್ಷದಲ್ಲಿ ಅವರು ಒಟ್ಟಿಗಿದ್ದದ್ದು ಶನಿವಾರ, ಭಾನುವಾರಗಳು ಮಾತ್ರ. ಅವನು ಸೋಮವಾರ ಹೋದ ಮೇಲೆ ಕಾಂತಿ ಸೊಪ್ಪಿನ ಹೊರೆಯ ಕೆಳಗೆ ನಡೆಯುತ್ತ ಆ ಮನೆಗೆ ಪಾತ್ರೆ ಜೋಡಿಸುತ್ತಿದ್ದಳು. ಸೌದೆ ಎಲ್ಲಿ, ನೀರಿನ ಹಂಡೆ ಎಲ್ಲಿ, ಸಂಜೆಯ ಬೆಳಕು ಯಾವ ಗೋಡೆಗೆ ಬೀಳುತ್ತದೆ. ಹೊರೆ ಇಳಿಸಿದಾಗ ಎಲ್ಲವೂ ಜಾರಿ ಬೀಳುತ್ತಿತ್ತು.

ಆ ವಾರ ಕಾಂತಿ ಪುಂಡಿ ಮಾಡಿದಳು. ಅಕ್ಕಿತರಿಯ ಹಿಟ್ಟನ್ನು ಊರಿನಲ್ಲೆಲ್ಲ ಉಂಡೆ ಕಟ್ಟಿ ಬೇಯಿಸುತ್ತಾರೆ. ಈ ಮನೆಯಲ್ಲಿ ಹಿಂದಿನಿಂದ ಬಂದ ಕ್ರಮ ಬೇರೆ. ಒಂದು ಹಿಡಿ ಹಿಟ್ಟನ್ನು ಮುಷ್ಟಿಯಲ್ಲಿ ಒತ್ತಿ ಹಾಗೆಯೇ ಹಬೆಗೆ ಇಡುವುದು. ಬೆಂದು ಬಂದಾಗ ಪ್ರತಿಯೊಂದರ ಮೇಲೂ ನಾಲ್ಕು ಬೆರಳಿನ ಸಾಲು, ಹಿಂದೆ ಅಂಗೈಯ ಉಬ್ಬು. ಆ ಗುಂಡಿಗಳಲ್ಲಿ ಹೆಸರುಕಾಳಿನ ದಪ್ಪ ಗಸಿ ನಿಲ್ಲಬೇಕು ಎನ್ನುವುದು ಅದರ ನ್ಯಾಯ.

ಧರ್ಣಪ್ಪನವರು ಒಂದು ತಿಂದರು. ಇನ್ನೊಂದನ್ನು ಎತ್ತಿ ತಿರುಗಿಸಿ ನೋಡಿ, ಬಾಳೆಲೆಯ ತುಂಡಿನಲ್ಲಿ ಸುತ್ತಿ ಹೊರಗೆ ಒಯ್ದರು. ಮರುದಿನವೂ ಹಾಗೆಯೇ. ಅಮ್ಮಣ್ಣಿಯ ಕಣ್ಣು ತಪ್ಪಲಿಲ್ಲ.

"ಸೊಸೆ ಮಾಡಿದ್ದು ಗಂಟಲಲ್ಲಿ ಇಳಿಯುವುದಿಲ್ಲವಾ? ತಿನ್ನದಿದ್ದರೆ ಬಾಯಿಬಿಟ್ಟು ಹೇಳಿ. ಕದ್ದು ಕರುವಿಗೆ ಹಾಕುವುದು ಎಂತಕ್ಕೆ?"

"ಕರುವಿಗೆ ಹಾಕಲಿಲ್ಲ."

"ಮತ್ತೆ ಎಲ್ಲಿಟ್ಟಿರಿ? ಬೇಲಿಗೆ ಬಿತ್ತಿದಿರಾ?"

"ಹೊಟ್ಟೆ ತುಂಬಿತು, ಆಮೇಲೆ ತಿಂತೇನೆ ಅಂತ..."

"ಪಾಪದ ಹುಡುಗಿ ಬೆಳಗಿನ ಜಾವ ಎದ್ದು ಅಕ್ಕಿ ಕಡೆದದ್ದು. ಅವಳ ಮುಖವಾದರೂ ನೋಡಿ."

ಅತ್ತೆ ತನ್ನ ಪರವಾಗಿ ಜಗಳಕ್ಕೆ ನಿಂತದ್ದು ಕಾಂತಿಗೆ ಸಮಾಧಾನವನ್ನೂ ಸಂಕಟವನ್ನೂ ಒಟ್ಟಿಗೆ ತಂದಿತು. ಮಧ್ಯಾಹ್ನ ಮಾವ ಮಲಗಿದಾಗ ಅವಳು ಜಗಲಿ ಒರೆಸಲು ಹೋದಳು. ಗೋಡೆಯ ಗೂಡಿನಲ್ಲಿ ಬಾಳೆಲೆಯ ಮೇಲೆ ಅವಳ ಪುಂಡಿ ಕುಳಿತಿತ್ತು. ಪಕ್ಕದಲ್ಲಿ ಪೇರಳೆಯ ತುಂಡು. ಅದರ ಮೇಲೆ ಇದ್ದಿಲಿನಿಂದ ಎಳೆದ ನಾಲ್ಕು ಗೆರೆ, ಪುಂಡಿಯ ಮೇಲಿನ ಸಾಲಿಗೆ ಸರಿಯಾಗಿ. ಸೊಸೆಯ ಕೈ ಮುಟ್ಟಿ ಅಳೆಯಲಾಗದ ಮಾವ ಅಳತೆಯನ್ನು ಎಲೆಯಿಂದ ಎತ್ತಿಕೊಂಡಿದ್ದರು. ಇರುವೆಗಳು ಆಗಲೇ ಬಂದಿದ್ದವು. ಅವನ್ನು ಓಡಿಸುವವರಲ್ಲ ಅವರು. ಸಂಜೆಯೊಳಗೆ ಒಂದು ಬೆರಳಿನ ಗುರುತು ಇರುವೆಯ ಹೊಟ್ಟೆಗೆ ಹೋಗುತ್ತದೆ, ನಾಳೆ ಹೊಸ ಪುಂಡಿ ಬೇಕಾಗುತ್ತದೆ.

ಕಾಂತಿ ಪೇರಳೆಯ ತುಂಡನ್ನು ಕೈಗೆ ತೆಗೆದುಕೊಂಡಳು. ಇನ್ನೂ ಒರಟು, ಆದರೂ ಅವಳ ಬೆರಳುಗಳು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಹೋಗಿ ಮಲಗಿದವು. ಹುಟ್ಟಿದಂದಿನಿಂದ ಯಾರೂ ಅವಳಿಗೆ ಎಂದೇ ಒಂದು ವಸ್ತು ಮಾಡಿರಲಿಲ್ಲ. ಬಳೆಯೂ ಅಂಗಡಿಯದು, ಸೀರೆಯೂ ಅಂಗಡಿಯದು. ಬೊಬ್ಬೆಯ ಮೇಲೆ ತಣ್ಣಗೆ ಕುಳಿತ ಆ ಮರವನ್ನು ಕೆಳಗಿಡಲು ಅವಳಿಗೆ ಮನಸ್ಸಾಗಲಿಲ್ಲ. ಅದೇ ಅವಳನ್ನು ಹೆದರಿಸಿತು. ಇದು ಮುಗಿದು ಕೈಗೆ ಬಂದರೆ ತಾನು ಹೋಗುತ್ತೇನೆ ಎನ್ನಲಾರೆ. ಸಂಕ್ರಾಂತಿ ಬರುತ್ತದೆ, ಹೊಳೆಯ ಹತ್ತಿರದ ಮನೆಗೆ ಬೇರೆ ಯಾರೋ ಬೀಗ ತೆಗೆಯುತ್ತಾರೆ.

ಮರುದಿನ ಬೆಳಿಗ್ಗೆ ಹಿಟ್ಟು ಕಾಯಿಸಿ ಇಳಿಸಿ ಅವಳು ಅತ್ತೆಯನ್ನು ಕರೆದಳು.

"ಅತ್ತೆ, ಪುಂಡಿ ನೀವು ಕಟ್ಟುತ್ತೀರಾ? ನಾನು ಒತ್ತಿದ್ದು ಗಟ್ಟಿಯಾಗ್ತದೆ ಅಂತ ಕಾಣ್ತದೆ. ಮಾವ ಅದಕ್ಕೇ ಬಿಟ್ಟದ್ದೋ ಏನೋ."

"ನನ್ನ ಈ ಕೈಯಲ್ಲಾ? ಡೊಂಕು ಡೊಂಕು ಆಗ್ತದೆ ಮಾರಾಯ್ತಿ."

"ಮೆತ್ತಗೆ ಆಗ್ತದೆ. ಬಿಸಿಹಿಟ್ಟು ಕೈಗೂ ಒಳ್ಳೆಯದು."

ಅಮ್ಮಣ್ಣಿ ಮೊಣಕಾಲೂರಿ ಕುಳಿತು ಬಿಸಿಹಿಟ್ಟನ್ನು ಎತ್ತಿಕೊಂಡರು. ಗಂಟು ಬೆರಳುಗಳು ಅರ್ಧ ಮಡಚಿ ನಿಂತವು. ಮುಷ್ಟಿ ತುಂಬಲು ದುಪ್ಪಟ್ಟು ಹಿಟ್ಟು ಬೇಕಾಯಿತು. ಬಿಸಿಗೆ ಅವರ ಮುಖ ಸಡಿಲವಾಯಿತು. "ಹಾ, ಸುಖ ಆಗ್ತದೆ ನೋಡು" ಎಂದರು. ಆಮೇಲೆ ತಮ್ಮ ತವರಿನ ಕಥೆ ಹೇಳಿದರು. ಅಳದಂಗಡಿಯ ಕಡೆಯ ಮನೆ, ದೊಡ್ಡ ಅಡಿಗೆಮನೆ, ಪುಂಡಿ ಕಟ್ಟಲು ಸಾಲಾಗಿ ಕುಳಿತ ಅಕ್ಕತಂಗಿಯರು. ಕಾಂತಿ ಒಲೆಯ ಬೆಂಕಿ ಸರಿಮಾಡುತ್ತ ಹೂಂ ಅನ್ನುತ್ತಿದ್ದಳು.

ಧರ್ಣಪ್ಪನವರು ಎಲೆಯ ಮೇಲಿನ ಪುಂಡಿಯನ್ನು ನೋಡಿ ಹುಬ್ಬು ಎತ್ತಿದರು. ತಿಂದರು, ಒಂದನ್ನು ಸುತ್ತಿಕೊಂಡು ಹೋದರು. ಅಡಿಗೆಮನೆಯಲ್ಲಿ ಯಾರ ಕೈ ಯಾವಾಗ ಬದಲಾಯಿತು ಎಂದು ತಿಳಿಯುವ ಗಂಡಸು ಆ ಊರಿನಲ್ಲಿ ಹುಟ್ಟಿರಲಿಲ್ಲ. ಆ ರಾತ್ರಿ ಕೆರೆಯುವ ಸದ್ದು ಬರಲಿಲ್ಲ. ಬೆಳಿಗ್ಗೆ ಪೇರಳೆಯ ತುಂಡು ಬಚ್ಚಲಿನ ಸೌದೆಯಲ್ಲಿ ಬಿದ್ದಿತ್ತು. ಜಗಲಿಯಲ್ಲಿ ಹುಣಸೆಯ ದಪ್ಪ ಕೊರಡೊಂದು ಬಂದು ಕುಳಿತಿತ್ತು.

ಕಾಂತಿ ಪೇರಳೆಯ ತುಂಡನ್ನು ಸೌದೆಯಿಂದ ಎತ್ತಿದಳು. ನೀರೊಲೆಯ ಮುಂದೆ ಸ್ವಲ್ಪ ಹೊತ್ತು ಕುಳಿತಿದ್ದು ಅದನ್ನು ಒಲೆಗೇ ಹಾಕಿದಳು. ಅದು ತುಂಬಾ ಹೊತ್ತು ಉರಿಯಿತು.

ಅಲ್ಲಿಂದ ಮುಂದೆ ಪುಂಡಿ ಅತ್ತೆಯದೇ ಕೆಲಸವಾಯಿತು. ಮಂಜು ದಿನದಿನಕ್ಕೆ ದಪ್ಪವಾಗುತ್ತಿತ್ತು. ಬೆಳಗಿನ ಹೊತ್ತು ಹಟ್ಟಿಯೂ ಬಾವಿಯೂ ಎಲ್ಲಿಯೋ ತೇಲಿ ಹೋದ ಹಾಗೆ, ಅಡಿಗೆಮನೆಯ ಹಬೆ ಮಾತ್ರ ನಿಜವೆಂಬ ಹಾಗೆ ಇರುತ್ತಿತ್ತು. ಒಂದು ಮಧ್ಯಾಹ್ನ ಹಾಜಬ್ಬ ಅರಗು, ಹಿಡಿಯ ಬಾಯಿಗೆ ಕೂರಿಸುವ ಹಿತ್ತಾಳೆಯ ಬಳೆ ತಂದುಕೊಟ್ಟು ಜಗಲಿಯ ಮೆಟ್ಟಿಲಲ್ಲಿ ಕುಳಿತು ಬೆಲ್ಲ ನೀರು ಕುಡಿದ. ಹುಣಸೆಯ ಹಿಡಿ ಅವನ ಕಣ್ಣಿಗೆ ಬಿತ್ತು.

"ಇಷ್ಟು ದಪ್ಪ ಯಾರಿಗೆ ಧಣಿ, ಭೀಮನಿಗಾ?"

"ಸಣ್ಣ ಕೈಗೇ ಹಾಜಬ್ಬ. ಆದರೆ ಮುಷ್ಟಿ ಮುಚ್ಚುವುದಿಲ್ಲ. ಮೊದಲು ಮುಚ್ಚುತ್ತಿತ್ತು, ಈಗ ಮುಚ್ಚುವುದಿಲ್ಲ. ಬೊಬ್ಬೆಯ ನೋವು ಅಂತ ಕಾಣ್ತದೆ. ಬಾಯಿಬಿಟ್ಟು ಹೇಳುವ ಜಾತಿ ಅಲ್ಲ ಅದು. ಹೊರೆ ಹೊತ್ತು ಬರ್ತದೆ, ಇಳಿಸ್ತದೆ, ಹೋಗ್ತದೆ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ ಮಾರಾಯ."

ಬಾಗಿಲ ಹಿಂದೆ ನಿಂತಿದ್ದ ಕಾಂತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಈಗಲೇ ಹೋಗಿ ಹೇಳಿಬಿಡಬೇಕು ಅನಿಸಿತು. ಯಾರಿಗೆ ಹೇಳುವುದು, ಕರುವಿಗೆ? ಅಷ್ಟರಲ್ಲಿ ಹಾಜಬ್ಬ ಸೈಕಲ್ಲು ಹತ್ತಿದ್ದ, ಮಾವ ಕಣ್ಣು ಮುಚ್ಚಿ ಹಿಡಿಯನ್ನು ತಿರುಗಿಸುತ್ತಿದ್ದರು.

ಸಂಕ್ರಾಂತಿಗೆ ಸ್ವಲ್ಪ ಮೊದಲು ಕತ್ತಿ ಮುಗಿಯಿತು. ಅಲಗಿನ ಬಾಲವನ್ನು ಕೆಂಪಗೆ ಕಾಯಿಸಿ ಹಿಡಿಯ ತೂತಿಗೆ ಒತ್ತಿದಾಗ ಹುಣಸೆ ಸುಟ್ಟ ಹೊಗೆ ಮನೆಯೊಳಗೆಲ್ಲ ಬಂತು. ಅರಗು, ಇಟ್ಟಿಗೆಪುಡಿ ತುಂಬಿ ಹಿತ್ತಾಳೆಯ ಬಳೆ ಕೂರಿಸಿದ್ದಾಯಿತು. ಭಾನುವಾರ ಬೆಳಿಗ್ಗೆ, ಲೋಕನಾಥನೂ ಇದ್ದಾಗ, ಧರ್ಣಪ್ಪನವರು ಅದನ್ನು ಜಗಲಿಯ ನೆಲದ ಮೇಲಿಟ್ಟು ಹಿಂದೆ ಸರಿದು ಕುಳಿತರು. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ.

"ಬೊಳ್ಳೀ, ತೆಗೆದುಕೊಳ್ಳಬೇಕಾದವರು ತೆಗೆದುಕೊಳ್ಳಲಿ" ಎಂದರು.

ಅಮ್ಮಣ್ಣಿ ಒಳಗೆ ಮಜ್ಜಿಗೆ ಕಡೆಯುತ್ತಿದ್ದರು. ಲೋಕನಾಥ ಹೆಂಡತಿಯ ಮುಖ ನೋಡಿದ. ಕಾಂತಿ ಬಂದು ಬಗ್ಗಿ ಕತ್ತಿ ಎತ್ತಿದಳು. ಹಿಡಿ ಅವಳ ಮುಷ್ಟಿಯಲ್ಲಿ ನಿಲ್ಲಲಿಲ್ಲ. ಬೆರಳುಗಳು ತಗ್ಗುಗಳನ್ನು ಹುಡುಕಿದವು, ತಲುಪಲಿಲ್ಲ; ಅಲಗು ಒಂದು ಕಡೆ ವಾಲಿ ನೆಲ ನೋಡಿತು. ಇನ್ನೊಮ್ಮೆ ಹಿಡಿದು ನೋಡಿದಳು. ಇದೇ ಆಗಬೇಕೆಂದು ಅವಳು ಬಯಸಿದ್ದು, ಆದರೆ ಆದಾಗ ಮಾವನ ಮುಖವನ್ನು ನೋಡುವುದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಮುಖದಿಂದ ಬೆಳಕು ಇಳಿದು ಹೋಯಿತು. ಅವರು ತಮ್ಮ ಕೈಗಳನ್ನು ತಾವೇ ತಿರುಗಿಸಿ ನೋಡಿಕೊಂಡರು, ತಪ್ಪು ಅಲ್ಲಿದೆ ಎಂಬ ಹಾಗೆ.

ಕಾಂತಿ ಕತ್ತಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. ತುಟಿ ತೆರೆದಳು. ಮಾತು ಬರುವ ಮೊದಲೇ ಅಮ್ಮಣ್ಣಿ ಕೈ ಒರೆಸುತ್ತ ಹೊರಗೆ ಬಂದರು.

"ಕರುವಿನ ಕಾಲಿನ ಹತ್ತಿರ ಕತ್ತಿ ಇಟ್ಟು ಎಲ್ಲರೂ ನಿದ್ದೆ ಹೊಡೆಯುತ್ತೀರಾ? ನಾಳೆ ಆ ಪಾಪ ಯಾರಿಗೆ ಸುತ್ತಿಕೊಳ್ತದೆ?" ಎನ್ನುತ್ತ ಬಗ್ಗಿ ಬಲಗೈಯಿಂದ ಎತ್ತಿದರು.

ಎತ್ತಿದವರು ಹಾಗೆಯೇ ನಿಂತರು. ನಾಲ್ಕು ಗಂಟು ಬೆರಳುಗಳು, ಹೆಬ್ಬೆರಳು, ಅಂಗೈಯ ಡೊಂಕು, ಎಲ್ಲವೂ ಮರದೊಳಗೆ ಕುಳಿತಿದ್ದವು. ಅವರು ಮಣಿಕಟ್ಟು ಆಡಿಸಿದರು, ಅಲಗು ಅಲ್ಲಾಡಲಿಲ್ಲ. ಅಂಗಳಕ್ಕೆ ಇಳಿದು ಒಣಗಿದ ಗೇರುಕೊಂಬೆಗೆ ಒಂದು ಹೊಡೆದರು. ತುಂಡು ದೂರ ಹಾರಿ ಬಿತ್ತು.

ತಿರುಗಿ ನಿಂತು ಗಂಡನನ್ನು ನೋಡಿದರು.

"ನನಗಾ?" ಎಂದರು. "ನನ್ನ ಕೈ ಯಾವಾಗ ನೋಡಿದಿರಿ ನೀವು?"

ಧರ್ಣಪ್ಪನವರು ಹೆಂಡತಿಯ ಮುಷ್ಟಿಯನ್ನು ನೋಡಿದರು. ಆಮೇಲೆ, ಕಾಂತಿ ಆ ಮನೆಗೆ ಬಂದ ಮೇಲೆ ಮೊದಲ ಸಲ, ಅವಳನ್ನು ನೆಟ್ಟಗೆ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ, ತಗ್ಗಿಸಲಾಗಲಿಲ್ಲ.

"ಇಷ್ಟು ವರ್ಷ ಎದುರಿಗೇ ಉಂಟಲ್ಲ ಆ ಕೈ" ಎಂದರು ಧರ್ಣಪ್ಪನವರು. "ನೋಡದೆ ಇರ್ತೇನಾ?"

"ಬಾಯಿಯಲ್ಲಿ ಹೇಳಬಾರದಿತ್ತಾ?" ಅಮ್ಮಣ್ಣಿಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಳ್ಳಲು ಕತ್ತಿ ಕೆಳಗಿಡಬೇಕಿತ್ತು, ಇಡಲಿಲ್ಲ. "ಮದುವೆಯಾಗಿ ಬಂದಾಗ ನಿಮ್ಮ ಅಪ್ಪನ ಕತ್ತಿ. ಆಮೇಲೆ ನಿಮ್ಮ ಕತ್ತಿ. ಈ ಮುದಿ ವಯಸ್ಸಿನಲ್ಲಿ ನನಗೊಂದು. ಥೂ, ಮಗನ ಎದುರು ಎಂತ ಅಳಿಸ್ತೀರಿ!"

"ನೀನೇ ಅಳುವುದು. ನಾನು ಎಂತ ಮಾಡಿದೆ?"

ಆ ಸಂಜೆ ಯಾರೂ ಕರೆಯದೆ ಧರ್ಣಪ್ಪನವರು ಹೊತ್ತಿಗೆ ಮೊದಲೇ ಬಂದು ಎಲೆಯ ಮುಂದೆ ಕುಳಿತಿದ್ದರು.

ಮರುದಿನದಿಂದ ಅಮ್ಮಣ್ಣಿ ಗುಡ್ಡ ಹತ್ತಿದರು. ಮೊದಲ ದಿನದ ಹೊರೆ ಸಣ್ಣದು, ಆದರೆ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಕತ್ತಿ ತೋರಿಸಿಕೊಂಡು ಬಂದಿದ್ದರು. ಕಾಂತಿ ಹಿಂದಿನಿಂದ ಹಳೆ ಕತ್ತಿ ಹಿಡಿದು ಹೋಗುತ್ತಿದ್ದಳು. ಮಂಜಿನಲ್ಲಿ ಅತ್ತೆ ಕಾಣುತ್ತಿರಲಿಲ್ಲ. ಟಕ್ಕೆಂದು ಒಂದೇ ಪೆಟ್ಟಿಗೆ ಕೊಂಬೆ ಬೀಳುವುದು ಕೇಳುತ್ತಿತ್ತು, ಮಧ್ಯೆ ಮಧ್ಯೆ ಹುಡುಗಿಯರ ಹಾಗೆ ಗುನುಗುವುದು.

ಮುಂದಿನ ಶನಿವಾರ ಎಲೆಯ ಮುಂದೆ ಕುಳಿತ ಮಗನಿಗೆ ಅಮ್ಮಣ್ಣಿಯೇ ಹೇಳಿದರು: "ಆ ಹೊಳೆಯ ಮನೆ ಇನ್ನೂ ಉಂಟಾ? ಸೋಮವಾರ ಇವಳನ್ನು ಕರಕೊಂಡು ಹೋಗು. ನೀರುಳ್ಳಿ ತಿಂದು ತಿಂದು ನಿನ್ನ ಮುಖ ಗದ್ದೆಯ ಬೆರ್ಚಪ್ಪನ ಹಾಗೆ ಆಗಿದೆ."

"ಸೊಪ್ಪು?"

"ನನ್ನ ಕತ್ತಿ ನನಗೆ ಉಂಟು. ನಿನಗೆ ಎಂತ ತೊಂದರೆ?"

ಸೋಮವಾರ ಕಾಂತಿ ಅತ್ತೆಯ ಕಾಲಿಗೆ ನಮಸ್ಕರಿಸಿ, ಮಾವ ನಿಂತಿದ್ದ ಕಂಬದ ಹತ್ತಿರ ಬಂದಳು. ಅವರು ಕರುವಿನತ್ತ ತಿರುಗಲಿಲ್ಲ.

"ಅಲ್ಲಿ ಪುಂಡಿ ಮಾಡ್ತೀಯಾ ಮಗಾ?" ಎಂದು ಅವಳನ್ನೇ ಕೇಳಿದರು.

"ಮಾಡ್ತೇನೆ ಮಾವ."

"ಗಟ್ಟಿಯಾಗ್ತದೆ ಅಂತ ಅತ್ತೆಯ ಹತ್ತಿರ ಅಂದಿದ್ದೆಯಂತೆ. ನಿನ್ನ ಪುಂಡಿ ಗಟ್ಟಿ ಅಲ್ಲ. ಸರಿಯೇ ಇತ್ತು." ಅಷ್ಟು ಹೇಳಿ ಮೊಣಕಾಲು ತಿಕ್ಕುತ್ತ ಕುಳಿತರು. ಕಾಂತಿ ಅವರ ಕಾಲಿಗೆ ಹಣೆ ಮುಟ್ಟಿಸಿದಾಗ ಅವಳಿಗೆ ಏಳಲು ಬಹಳ ಹೊತ್ತು ಹಿಡಿಯಿತು.

ಬಸ್ಸಿನಲ್ಲಿ ಪಾತ್ರೆಯ ಗಂಟು ಅವಳ ಮಡಿಲಲ್ಲಿತ್ತು. ಹೊರಗೆ ಗದ್ದೆಗಳು ಮಂಜಿನಿಂದ ಒಂದೊಂದಾಗಿ ಎದ್ದು ಬರುತ್ತಿದ್ದವು. ಅವಳು ಬೇಡಿಕೊಂಡದ್ದೆಲ್ಲ ಸಿಕ್ಕಿತ್ತು. ಅಂಗೈ ಮಾತ್ರ ಯಾಕೋ ಖಾಲಿ ಅನಿಸುತ್ತಿತ್ತು.

"ಅಮ್ಮ ಹೇಗೆ ಒಪ್ಪಿದ್ದು ಮಾರಾಯ್ತಿ?" ಲೋಕನಾಥ ಕೇಳಿದ. "ಅಪ್ಪ ಕತ್ತಿ ಮಾಡಿದ್ದು ನಿನಗೆ ಅಂತ ನಾನು ಅಂದುಕೊಂಡಿದ್ದೆ. ಎಂತದೋ ಉಂಟು. ನಿನಗೆ ಗೊತ್ತು."

ಹೇಳಿದರೆ ಅವನು ಬಿದ್ದು ಬಿದ್ದು ನಗುತ್ತಾನೆ. ಕೆಟ್ಟವನಲ್ಲ, ಆದರೆ ನಗು ಬಂದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವನಲ್ಲ. ಯಾವುದೋ ಹಬ್ಬದ ಊಟದಲ್ಲಿ ಅಮ್ಮನ ಎದುರೇ ಅದು ಹೊರಬೀಳುತ್ತದೆ. ಮರುದಿನ ಬೆಳಿಗ್ಗೆ ಗುಡ್ಡದಲ್ಲಿ ಅಮ್ಮಣ್ಣಿ ಕತ್ತಿ ಎತ್ತುತ್ತಾರೆ; ಹಿಡಿ ಅದೇ, ಕೈ ಅದೇ, ಆದರೂ ಎಲ್ಲಿಯೋ ಸಡಿಲವಾಗಿರುತ್ತದೆ.

"ನನಗೆ ಎಂತ ಗೊತ್ತು?" ಎಂದಳು ಕಾಂತಿ. "ನಿಮ್ಮ ಅಪ್ಪನಿಗೆ ನಿಮ್ಮ ಅಮ್ಮನ ಕೈಯ ಅಳತೆ ಗೊತ್ತಿತ್ತು. ಅಷ್ಟೇ."

ಅವನು ಒಪ್ಪಿ ತಲೆಯಾಡಿಸಿ, ಕಿಟಕಿಗೆ ಒರಗಿ ಕಣ್ಣು ಮುಚ್ಚಿದ. ಅವಳು ಗಂಟನ್ನು ಎದೆಗೆ ಎಳೆದುಕೊಂಡಳು. ಇವನಿಗೆ ಇಲ್ಲ, ತವರಿನಲ್ಲಿ ಇಲ್ಲ, ನಾಳೆ ಮಕ್ಕಳಾದರೆ ಅವಕ್ಕೂ ಇಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಅವಳು ಅಲ್ಲಿಯೇ ನಿಶ್ಚಯ ಮಾಡಿದಳು.